ದಂಡಿಗೆ ಸೇರಲಾರೆನೆಂದ ಸಂತನೂ ದಂಡಿನಿಂದ ಬಂದ ದೊಡ್ಡಪ್ಪನೂ

ಪ್ರಶ್ನೆ: ನನ್ನ ಅಣ್ಣ 17 ವರ್ಷ ಸೇನೆಯಲ್ಲಿದ್ದು ನಿವೃತ್ತನಾಗಿ ಊರಿಗೆ ಬಂದಿದ್ದಾನೆ. 20 ವರ್ಷದ ನನ್ನ ಮಗ ಸಂತ ಮ್ಯಾಕ್ಸಿಮಿಲಿಯನನ ಕಥೆ ಓದಿದವನು, ‘ನಿಜವಾದ ಕ್ರೈಸ್ತ ಬಂದೂಕು ಹಿಡಿಯುವಂತಿಲ್ಲ’ ಎಂದು ಊಟಕ್ಕೆ ಕುಳಿತಾಗ ದೊಡ್ಡಪ್ಪನ ಎದುರಿಗೇ ಹೇಳಿಬಿಟ್ಟ. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಮಗ ಹೇಳಿದ್ದು ಸರಿಯೇ? ಧರ್ಮಸಭೆ ಇವರಿಬ್ಬರಲ್ಲಿ ಯಾರ ಪಕ್ಷ? ಸೇನೆಗೆ ಸೇರಲಾರೆ ಎನ್ನುವುದು ನಮ್ಮ ದೇಶದಲ್ಲಿ ಅಪರಾಧವಾಗುತ್ತದೆಯೇ?

ಉತ್ತರ: ಮೊದಲು ಹೆಸರಿನ ಗೊಂದಲವನ್ನು ಬಿಡಿಸಿಕೊಳ್ಳೋಣ. ನಮ್ಮಲ್ಲಿ ಸಂತ ಮ್ಯಾಕ್ಸಿಮಿಲಿಯನ್ ಎಂದೊಡನೆ ಹೆಚ್ಚಿನವರಿಗೆ ನೆನಪಾಗುವುದು 1941ರಲ್ಲಿ ಆಶ್ವಿಟ್ಸ್ ಶಿಬಿರದಲ್ಲಿ ಮತ್ತೊಬ್ಬ ಕೈದಿಯ ಬದಲಿಗೆ ಪ್ರಾಣ ಕೊಟ್ಟ ಪೋಲೆಂಡಿನ ಗುರು ಮ್ಯಾಕ್ಸಿಮಿಲಿಯನ್ ಕೋಲ್ಬೆ. ನಿಮ್ಮ ಮಗ ಓದಿರುವುದು ಅವರಿಗಿಂತ 1,600 ವರ್ಷಗಳಿಗೂ ಹಿಂದಿನ ತರುಣನ ಕಥೆ. ಆತ ರೋಮನ್ ಆಫ್ರಿಕದ ಥೆವೆಸ್ತೆ ಎಂಬ ಊರಿನಲ್ಲಿ, ಕ್ರಿ.ಶ. 295ರ ಮಾರ್ಚ್ 12ರಂದು ಶಿರಚ್ಛೇದಕ್ಕೆ ಗುರಿಯಾದ. ಆ ಊರು ಇಂದಿಗೂ ಇದೆ. ಅಲ್ಜೀರಿಯಾದ ಪೂರ್ವದಲ್ಲಿ, ಟ್ಯುನೀಸಿಯಾದ ಗಡಿಗೆ ಹತ್ತಿರದಲ್ಲಿದ್ದು, ಈಗ ತೆಬೆಸ್ಸಾ ಎನ್ನಿಸಿಕೊಳ್ಳುತ್ತದೆ. ಆಗ ಆತನ ವಯಸ್ಸು 21 ವರ್ಷ, 3 ತಿಂಗಳು, 18 ದಿನ. ದಿನವನ್ನೂ ಬಿಡದೆ ಎಣಿಸಿಟ್ಟ ಈ ಲೆಕ್ಕ ಆತನ ವಿಚಾರಣೆಯ ಬರಹದಲ್ಲೇ ಇದೆ, ಮತ್ತು ನಿಮ್ಮ ಮೂರೂ ಪ್ರಶ್ನೆಗಳಿಗೆ ದಾರಿ ಆ ಬರಹದ ಒಳಗಿನಿಂದಲೇ ಹೋಗುವುದರಿಂದ ಅದನ್ನು ಸ್ವಲ್ಪ ನಿಧಾನವಾಗಿ ನೋಡಬೇಕಾಗಿದೆ.

ಬರಹ ಬಹಳ ಚಿಕ್ಕದು, ಎರಡು ಮೂರು ಪುಟಗಳಷ್ಟೇ. ಅದರಲ್ಲಿ ಪವಾಡವಿಲ್ಲ, ದೇವದೂತರಿಲ್ಲ, ಚಿತ್ರಹಿಂಸೆಯ ವರ್ಣನೆಯೂ ಇಲ್ಲ. ಇರುವುದೆಲ್ಲ ನ್ಯಾಯಸ್ಥಾನದ ಸವಾಲು ಜವಾಬು. ಆ ಕಾಲದಲ್ಲಿ ಸೇನೆಗೆ ಆಳು ಒದಗಿಸುವುದು ಒಂದು ತೆರಿಗೆಯಂತೆ ಜನರ ಮೇಲೆ ಬಿದ್ದಿತ್ತು. ಮ್ಯಾಕ್ಸಿಮಿಲಿಯನನ ತಂದೆ ಫೇಬಿಯಸ್ ವಿಕ್ಟರ್ ಈ ವಸೂಲಿಯ ಹೊಣೆ ಹೊತ್ತವರಲ್ಲಿ ಒಬ್ಬ. ಅಂದರೆ ಹುಡುಗನನ್ನು ಸೇನೆಗೆ ಒಪ್ಪಿಸಲು ಕರೆತಂದ ತಂದೆ ಸ್ವತಃ ಅದೇ ವ್ಯವಸ್ಥೆಯ ಒಂದು ಕೀಲಾಗಿದ್ದ. ಪ್ರಾಂತಾಧಿಕಾರಿ ಡಿಯೋನ್ ಹೆಸರು ಕೇಳುತ್ತಾನೆ. ಹುಡುಗನ ಮೊದಲ ಮಾತೇ, ‘ನನ್ನ ಹೆಸರು ಏಕೆ ಬೇಕು? ನಾನು ಸೈನಿಕನಾಗುವಂತಿಲ್ಲ, ಏಕೆಂದರೆ ನಾನು ಕ್ರೈಸ್ತ.’ ಡಿಯೋನ್ ಅದನ್ನು ಕಿವಿಗೇ ಹಾಕಿಕೊಳ್ಳದೆ ಅಳೆಯಲು ಹೇಳುತ್ತಾನೆ. ಅಳೆಯುತ್ತಾರೆ. ‘ಐದು ಅಡಿ ಹತ್ತು ಅಂಗುಲ’ ಎಂದು ಸಿಬ್ಬಂದಿ ಕೂಗುತ್ತಾನೆ. ರೋಮನ್ ಅಡಿ ನಮ್ಮ ಅಡಿಗಿಂತ ತುಸು ಕಿರಿದಾದ್ದರಿಂದ ಇಂದಿನ ಲೆಕ್ಕಕ್ಕೆ ಅದು ಸುಮಾರು 172 ಸೆಂಟಿಮೀಟರ್. ಸೇನೆಗೆ ಹೇಳಿ ಮಾಡಿಸಿದಂಥ ಆಳು. ಒಂದು ಕಡೆ ‘ನಾನು ಕೆಟ್ಟದ್ದನ್ನು ಮಾಡಲಾರೆ’ ಎಂಬ ಮಾತು, ಇನ್ನೊಂದು ಕಡೆ ಅಳತೆಗೋಲು. ಸರ್ಕಾರ ಎಂಬ ಯಂತ್ರ ಮನುಷ್ಯನ ಮಾತು ಕೇಳಿಸಿಕೊಳ್ಳದೆ ಅವನ ಎತ್ತರವನ್ನು ಮಾತ್ರ ಬರೆದುಕೊಳ್ಳುವ ಈ ಚಿತ್ರವನ್ನು ವಿದ್ಯಾರ್ಥಿಗಳಿಗೆ ಓದಿ ಹೇಳುವಾಗಲೆಲ್ಲ ತರಗತಿ ಮೌನವಾಗುವುದನ್ನು ನಾನು ಕಂಡಿದ್ದೇನೆ.

ಅಳತೆಯ ಬಳಿಕ ಬರುವುದು ಮುದ್ರೆ. ಹೊಸದಾಗಿ ಸೇರುವವನ ಕೊರಳಿಗೆ ಸೀಸದ ಬಿಲ್ಲೆಯೊಂದನ್ನು ಕಟ್ಟುತ್ತಿದ್ದರು. ಕಟ್ಟಿದರೆಂದರೆ ಆತ ಚಕ್ರವರ್ತಿಯ ಆಳು. ಮ್ಯಾಕ್ಸಿಮಿಲಿಯನ್ ಕೊರಳು ಕೊಡುವುದಿಲ್ಲ. ‘ನನ್ನ ಮೇಲೆ ಆಗಲೇ ನನ್ನ ದೇವರಾದ ಕ್ರಿಸ್ತನ ಮುದ್ರೆ ಇದೆ. ನೀವು ಕಟ್ಟಿದರೆ ಮುರಿದು ಎಸೆಯುತ್ತೇನೆ, ಅದಕ್ಕೆ ಬೆಲೆಯಿಲ್ಲ. ಆ ರಕ್ಷಣೆಯ ಮುದ್ರೆ ಬಿದ್ದ ಕೊರಳಿಗೆ ಸೀಸ ಕಟ್ಟಿಕೊಳ್ಳುವಂತಿಲ್ಲ’ ಎನ್ನುತ್ತಾನೆ. ಜ್ಞಾನಸ್ನಾನವನ್ನು ಆದಿ ಕ್ರೈಸ್ತರು ಮುದ್ರೆ ಎಂದೇ ಕರೆಯುತ್ತಿದ್ದರು. ಸೈನಿಕನ ಪ್ರತಿಜ್ಞೆಗೆ ಲ್ಯಾಟಿನ್ನಿನಲ್ಲಿದ್ದ ಸಾಕ್ರಮೆಂತುಂ ಎಂಬ ಪದವನ್ನೇ ಜ್ಞಾನಸ್ನಾನದಂಥ ಸಂಸ್ಕಾರಗಳಿಗೂ ಬಳಸುತ್ತಿದ್ದರು. ಹೀಗಾಗಿ ಆ ಹುಡುಗನಿಗೆ ಇದು ಒಂದು ಉದ್ಯೋಗ ಬೇಕೋ ಬೇಡವೋ ಎಂಬ ಪ್ರಶ್ನೆಯಾಗಿರಲಿಲ್ಲ, ಒಂದೇ ಕೊರಳಿಗೆ ಇಬ್ಬರು ಒಡೆಯರ ಗುರುತು ಬೀಳಬಹುದೇ ಎಂಬ ಪ್ರಶ್ನೆಯಾಗಿತ್ತು.

ಈಗ ನಿಮ್ಮ ಮನೆಗೆ ನೇರವಾಗಿ ತಟ್ಟುವ ಭಾಗ. ಡಿಯೋನ್ ಕ್ರೂರಿಯಲ್ಲ, ಹುಡುಗನನ್ನು ಉಳಿಸಲು ಆತ ಮೇಲಿಂದ ಮೇಲೆ ಯತ್ನಿಸುತ್ತಾನೆ. ತಂದೆಯ ಕಡೆ ತಿರುಗಿ, ‘ನಿನ್ನ ಮಗನಿಗೆ ಬುದ್ಧಿ ಹೇಳು’ ಎನ್ನುತ್ತಾನೆ. ವಿಕ್ಟರನ ಉತ್ತರ: ‘ಅವನಿಗೆ ಅವನದೇ ವಿವೇಚನೆ ಇದೆ, ತನಗೆ ಯಾವುದು ಹಿತವೆಂದು ಅವನೇ ಬಲ್ಲ.’ ಸ್ವಲ್ಪ ಹೊತ್ತಿನ ಮೇಲೆ ಡಿಯೋನ್ ತನ್ನ ಬಲವಾದ ವಾದವನ್ನು ಮುಂದಿಡುತ್ತಾನೆ: ‘ನಮ್ಮ ಪ್ರಭುಗಳಾದ ಡಯೋಕ್ಲೀಷಿಯನ್, ಮ್ಯಾಕ್ಸಿಮಿಯನ್, ಕಾನ್‌ಸ್ಟಾಂಟಿಯಸ್, ಮ್ಯಾಕ್ಸಿಮಸ್ ಇವರ ಪರಿವಾರದಲ್ಲೇ ಕ್ರೈಸ್ತ ಸೈನಿಕರಿದ್ದಾರೆ, ಸೇವೆ ಮಾಡುತ್ತಿದ್ದಾರೆ.’ ಅದು ನಿಜವೂ ಆಗಿತ್ತು, ಮ್ಯಾಕ್ಸಿಮಿಲಿಯನ್ ಅದನ್ನು ಅಲ್ಲಗಳೆಯಲಿಲ್ಲ. ಅವರು ಕ್ರೈಸ್ತರೇ ಅಲ್ಲ ಎಂದು ಆತ ಹೇಳಬಹುದಿತ್ತು; ಸಾವಿನ ಅಂಚಿನಲ್ಲಿ ನಿಂತವನಿಗೆ ಅಂಥ ಬಿರುಸು ಮಾತು ಸುಲಭ. ಆತ ಹೇಳಿದ್ದು ಇಷ್ಟು: ‘ತಮಗೆ ಯಾವುದು ಹಿತವೆಂದು ಅವರೇ ಬಲ್ಲರು. ನಾನಾದರೋ ಕ್ರೈಸ್ತ, ಕೆಟ್ಟದ್ದನ್ನು ಮಾಡಲಾರೆ.’

ತಂದೆ ಮಗನ ಬಗ್ಗೆ ಆಡಿದ ಮಾತನ್ನೇ ಮಗ ಆ ಸೈನಿಕರ ಬಗ್ಗೆ ಆಡುತ್ತಾನೆ. ಮೂಲ ಲ್ಯಾಟಿನ್ನಿನಲ್ಲಿ ಎರಡು ಕಡೆಯೂ ಪದಗಳು ಹೆಚ್ಚು ಕಡಿಮೆ ಅವೇ. ತಂದೆಯಿಂದ ಈಗಷ್ಟೇ ತನಗೆ ದೊರೆತ ಗೌರವವನ್ನು, ತಾನು ಒಪ್ಪದ ದಾರಿಯಲ್ಲಿ ನಡೆಯುತ್ತಿರುವವರಿಗೆ ಆತ ಹಾಗೆಯೇ ದಾಟಿಸಿದ. ಈ ಬರಹವನ್ನು ವರ್ಷಗಳ ಕಾಲ ಓದಿಯೂ ನಾನು ಈ ಸಾಮ್ಯವನ್ನು ಗಮನಿಸಿರಲಿಲ್ಲ; ಗಮನಕ್ಕೆ ಬಂದ ಮೇಲೆ ಇಡೀ ಬರಹದ ತಿರುಳೇ ಇದು ಎನ್ನಿಸಿತು. ಹಾಗೆಂದು ಆತ ತನ್ನ ಮಾತನ್ನು ತಿಳಿಗೊಳಿಸಿದನೆಂದು ಭಾವಿಸಬೇಡಿ. ‘ಸೈನ್ಯದಲ್ಲಿರುವವರು ಯಾವ ಕೆಟ್ಟದ್ದನ್ನು ಮಾಡುತ್ತಾರೆ?’ ಎಂದು ಡಿಯೋನ್ ಪಟ್ಟು ಹಿಡಿದಾಗ ಆತನ ಉತ್ತರ, ‘ಅವರು ಏನು ಮಾಡುತ್ತಾರೆಂದು ನಿನಗೇ ಗೊತ್ತಲ್ಲ.’ ಆ ಕೆಲಸ ಕೆಡುಕಿನದು ಎಂಬ ತನ್ನ ತಿಳಿವನ್ನು ಆತ ಮುಚ್ಚಿಡುವುದಿಲ್ಲ, ಆ ಕೆಲಸ ಮಾಡುವವರ ಆತ್ಮದ ಮೇಲೆ ತೀರ್ಪನ್ನೂ ಕೊಡುವುದಿಲ್ಲ. ನಿಮ್ಮ ಮಗ ಸಂತನ ಮಾತಿನ ಅರ್ಧವನ್ನು ಊಟದ ಮನೆಗೆ ತಂದಿದ್ದಾನೆ, ಇನ್ನರ್ಧ ಪುಸ್ತಕದಲ್ಲೇ ಉಳಿದುಬಿಟ್ಟಿದೆ.

ಕೊನೆಗೆ ಡಿಯೋನ್ ಹುಡುಗನ ಹೆಸರನ್ನು ಹೊಡೆದುಹಾಕಲು ಹೇಳಿ ಮರಣದಂಡನೆಯನ್ನು ಓದುತ್ತಾನೆ. ಹುಡುಗನ ಬಾಯಿಂದ ಬಂದದ್ದು ‘ದೇವರಿಗೆ ವಂದನೆ’. ವಧಾಸ್ಥಾನದಲ್ಲಿ ಆತ ತಂದೆಗೆ, ‘ನಾನು ಸೈನ್ಯಕ್ಕೆ ಸೇರುವಾಗ ತೊಡಲೆಂದು ನೀನು ಹೊಲಿಸಿಟ್ಟಿದ್ದ ಹೊಸ ಬಟ್ಟೆಯನ್ನು ನನ್ನ ತಲೆ ಕಡಿಯಲಿರುವ ಈತನಿಗೆ ಕೊಡು’ ಎನ್ನುತ್ತಾನೆ. ಮಗ ದಂಡಿಗೆ ಹೋಗುವನೆಂದು ಬಟ್ಟೆ ಹೊಲಿಸಿದ್ದ ತಂದೆಯೇ ನ್ಯಾಯಸ್ಥಾನದಲ್ಲಿ ‘ಅವನೇ ಬಲ್ಲ’ ಎಂದದ್ದು. ಆ ಎರಡರ ನಡುವೆ ವಿಕ್ಟರನ ಎದೆಯಲ್ಲಿ ಏನೆಲ್ಲ ನಡೆಯಿತೋ ಬರಹ ಹೇಳುವುದಿಲ್ಲ. ಪೊಂಪೆಯಾನಾ ಎಂಬ ಗೃಹಿಣಿ ದೇಹವನ್ನು ಕೇಳಿ ಪಡೆದು, ತನ್ನ ಪಲ್ಲಕ್ಕಿಯಲ್ಲಿ ಕಾರ್ಥೇಜಿಗೆ ಒಯ್ದು, ರಕ್ತಸಾಕ್ಷಿ ಸಿಪ್ರಿಯನನ ಸಮಾಧಿಯ ಬಳಿ ಮಣ್ಣು ಮಾಡಿಸಿದಳು.

ಇತ್ತೀಚಿನ ಕೆಲವು ಇತಿಹಾಸಕಾರರು ಈ ಬರಹ ಅಷ್ಟು ಹಳೆಯದಲ್ಲವೆಂದು ಶಂಕಿಸಿದ್ದಾರೆ. ಆದರೆ ಇದರ ಹಿಂದೆ ನ್ಯಾಯಸ್ಥಾನದ ದಾಖಲೆ ಇದೆಯೆಂದು ನಂಬುವವರೇ ಹೆಚ್ಚು, ನಾನೂ ಅವರ ಜೊತೆಯವನು. ಇದಕ್ಕಿಂತ ಮುಖ್ಯವಾದ ಚರ್ಚೆ ಬೇರೊಂದಿದೆ: ಆದಿ ಕ್ರೈಸ್ತರು ಸೇನೆಯನ್ನು ದೂರವಿಟ್ಟದ್ದು ರಕ್ತಪಾತಕ್ಕೆ ಹೇಸಿಯೋ, ಅಥವಾ ಪಾಳೆಯದಲ್ಲಿ ಚಕ್ರವರ್ತಿಯ ಮೂರ್ತಿಗೂ ಧ್ವಜಗಳಿಗೂ ಸಲ್ಲುತ್ತಿದ್ದ ಪೂಜೆಗೆ ಅಂಜಿಯೋ? 298ರಲ್ಲಿ ಇಂದಿನ ಟ್ಯಾಂಜಿಯರಿನಲ್ಲಿ ಪ್ರಾಣ ಕೊಟ್ಟ ಮಾರ್ಸೆಲಸ್ ಎಂಬ ಶತಾಧಿಪತಿ, ಚಕ್ರವರ್ತಿಯ ಹಬ್ಬದ ದಿನ ತನ್ನ ಸೈನಿಕ ನಡುಪಟ್ಟಿಯನ್ನು ಬಿಚ್ಚಿ ಎಸೆದ; ಅಲ್ಲಿ ಪೂಜೆಯ ಪ್ರಶ್ನೆ ಎದ್ದು ಕಾಣುತ್ತದೆ. ಮ್ಯಾಕ್ಸಿಮಿಲಿಯನನ ವಿಚಾರಣೆಯಲ್ಲಾದರೋ ವಿಗ್ರಹದ ಮಾತು ಒಮ್ಮೆಯೂ ಬರುವುದಿಲ್ಲ; ‘ಕೆಟ್ಟದ್ದನ್ನು ಮಾಡಲಾರೆ’ ಎಂಬುದು ಮತ್ತೆ ಮತ್ತೆ ಬರುತ್ತದೆ. ಆದ್ದರಿಂದಲೇ ಯುದ್ಧವನ್ನು ಮನಸ್ಸಾಕ್ಷಿಯ ಮೇಲೆ ನಿರಾಕರಿಸುವವರು ಹೆಚ್ಚಾಗಿ ಈತನನ್ನೇ ತಮ್ಮ ಹಿರಿಯನೆಂದು ನೆನೆಯುತ್ತಾರೆ.

ಆದರೆ ಆ ಕಾಲದ ಕ್ರೈಸ್ತರೆಲ್ಲ ಒಂದೇ ದನಿಯಲ್ಲಿ ಮಾತನಾಡುತ್ತಿದ್ದರೆಂದು ನಿಮ್ಮ ಮಗ ಭಾವಿಸಿದ್ದರೆ ಅದು ಸರಿಯಲ್ಲ. ‘ಪೇತ್ರನ ಕತ್ತಿ ಕಳಚಿದಾಗಲೇ ಪ್ರಭು ಎಲ್ಲ ಸೈನಿಕರ ನಡುಪಟ್ಟಿಯನ್ನೂ ಬಿಚ್ಚಿದರು’ ಎಂದು ಕಾರ್ಥೇಜಿನ ಆದಿ ಕ್ರೈಸ್ತ ಲೇಖಕ ತೆರ್ತುಲಿಯನ್ ಬರೆದ. ಅದೇ ತೆರ್ತುಲಿಯನ್, ಸೇನೆಯಲ್ಲೂ ಕ್ರೈಸ್ತರು ತುಂಬಿದ್ದಾರೆಂದು ಮತ್ತೊಂದು ಕಡೆ ಹೆಮ್ಮೆಯಿಂದಲೇ ಹೇಳಿಕೊಂಡ. ಶುಭಸಂದೇಶದಲ್ಲೂ, ‘ನಾವೇನು ಮಾಡಬೇಕು?’ ಎಂದು ಕೇಳಿದ ಸೈನಿಕರಿಗೆ ಸ್ನಾನಿಕ ಯೊವಾನ್ನ ಕೆಲಸ ಬಿಡಿ ಎನ್ನಲಿಲ್ಲ. ಯಾರನ್ನೂ ಸುಲಿಯಬೇಡಿ, ನಿಮ್ಮ ಸಂಬಳದಲ್ಲಿ ತೃಪ್ತರಾಗಿರಿ ಎಂದ. ಇನ್ನೊಂದು ಕಡೆ ‘ಶತ್ರುಗಳನ್ನು ಪ್ರೀತಿಸಿರಿ’ ಎಂಬ ಮಾತೂ ಅಷ್ಟೇ ಸ್ಪಷ್ಟವಾಗಿ ಇದೆ, ಅದಕ್ಕೆ ಯೇಸುಸ್ವಾಮಿ ಯಾವ ವಿನಾಯಿತಿಯನ್ನೂ ಬರೆದಿಟ್ಟಿಲ್ಲ. ಈ ಎರಡರ ನಡುವಿನ ಬಿಗಿತವನ್ನು ಧರ್ಮಸಭೆ ಎಂದೂ ಪೂರ್ತಿ ಬಿಡಿಸಿಕೊಂಡಿಲ್ಲ. 313ರಲ್ಲಿ ಕಾನ್‌ಸ್ಟಂಟೈನನ ಕಾಲದಲ್ಲಿ ಕ್ರೈಸ್ತರಿಗೆ ಸ್ವಾತಂತ್ರ್ಯ ದೊರೆತ ಮೇಲೆ ತಕ್ಕಡಿ ಒಂದೇ ಕಡೆಗೆ ವಾಲಿತು; ಐದನೆಯ ಶತಮಾನದ ಆರಂಭಕ್ಕೆ ಕ್ರೈಸ್ತರಲ್ಲದವರಿಗೇ ಸೇನೆಯಲ್ಲಿ ಜಾಗವಿಲ್ಲ ಎಂಬ ಕಾನೂನು ಬಂದಿತ್ತು. ಮ್ಯಾಕ್ಸಿಮಿಲಿಯನನ ಸೀಮೆಯಲ್ಲೇ ಹುಟ್ಟಿದ ಅಗಸ್ಟೀನರು ನ್ಯಾಯಯುತ ಯುದ್ಧದ ವಿಚಾರಕ್ಕೆ ಅಡಿಪಾಯ ಹಾಕಿದರು. ನಿರಾಕರಣೆಯ ಎಳೆಯನ್ನು ಬಹುಕಾಲದ ಮೇಲೆ ಮತ್ತೆ ಹಿಡಿದವರು 16ನೆಯ ಶತಮಾನದ ಮೆನ್ನೊನೈಟರು, 17ನೆಯ ಶತಮಾನದ ಕ್ವೇಕರರು ಎಂಬ ಕ್ರೈಸ್ತ ಪಂಗಡಗಳವರು.

ಕಥೋಲಿಕರಲ್ಲಿ ಆ ಎಳೆ ಮರಳಿ ಗೋಚರವಾದದ್ದು ಒಬ್ಬ ರೈತನಿಂದ. ಆಸ್ಟ್ರಿಯದ ಸಾಂಕ್ಟ್ ರಾಡೆಗುಂಡ್ ಎಂಬ ಹಳ್ಳಿಯ ಫ್ರಾಂಟ್ಸ್ ಯೇಗರ್‌ಸ್ಟೆಟ್ಟರ್, ಮೂರು ಹೆಣ್ಣುಮಕ್ಕಳ ತಂದೆ, ಹಿಟ್ಲರನ ಯುದ್ಧ ಅನ್ಯಾಯದ್ದು, ಅದರಲ್ಲಿ ಹೋರಾಡಲಾರೆ ಎಂದು 1943ರ ಮಾರ್ಚಿನಲ್ಲಿ ಹೇಳಿದರು. ಕುಟುಂಬದ ಹೊಣೆ ನೆನಪಿಸಿ ತಡೆಯಲು ಯತ್ನಿಸಿದವರಲ್ಲಿ ಅವರ ಧರ್ಮಾಧ್ಯಕ್ಷರೂ ಇದ್ದರು. ಗಾಯಾಳುಗಳ ಶುಶ್ರೂಷೆಗೆ ಸಿದ್ಧನೆಂದು ಅವರು ಹೇಳಿದ್ದನ್ನು ಅಧಿಕಾರಿಗಳು ಒಪ್ಪಲಿಲ್ಲ. ಪತ್ನಿ ಫ್ರಾಂಟ್ಸಿಸ್ಕಾ ಮೊದಲು ಬೇಡವೆಂದರೂ, ಕೊನೆಗೆ ಗಂಡನ ಜೊತೆ ನಾನಲ್ಲದೆ ಇನ್ನಾರು ನಿಲ್ಲಬೇಕು ಎಂದು ನಿಂತರು. 1943ರ ಆಗಸ್ಟ್ 9ರಂದು ಬ್ರಾಂಡೆನ್‌ಬುರ್ಗಿನಲ್ಲಿ ಯೇಗರ್‌ಸ್ಟೆಟ್ಟರರ ತಲೆ ಕಡಿಯಲಾಯಿತು. ಊರಿನವರು ಈ ಹೆಣ್ಣುಮಗಳನ್ನು ವರ್ಷಗಟ್ಟಲೆ ದೂರವಿಟ್ಟರು. 2007ರ ಅಕ್ಟೋಬರ್ 26ರಂದು ಲಿಂಟ್ಸ್ ನಗರದಲ್ಲಿ ಯೇಗರ್‌ಸ್ಟೆಟ್ಟರರನ್ನು ಧನ್ಯರೆಂದು ಘೋಷಿಸಿದಾಗ 94 ವರ್ಷದ ಫ್ರಾಂಟ್ಸಿಸ್ಕಾ ಅಲ್ಲಿದ್ದರು.

ಈ ರೈತನ ಹೆಸರು, ಕಥೋಲಿಕ ಧರ್ಮಾಧ್ಯಕ್ಷರೆಲ್ಲ ಕೂಡಿದ್ದ ಎರಡನೆಯ ವ್ಯಾಟಿಕನ್ ಮಹಾಸಭೆಗೆ ತಲುಪಿದ್ದರಲ್ಲಿ ನಮ್ಮ ದೇಶದ ಸಂಬಂಧವೂ ಇದೆ. ಮುಂಬಯಿಯ ಮಹಾಧರ್ಮಾಧ್ಯಕ್ಷರಾಗಿದ್ದು, ಆ ಪೀಠ ಭಾರತೀಯರೊಬ್ಬರಿಗೆ ಸಿಗಲೆಂದು ತೆರವು ಮಾಡಿಕೊಟ್ಟಿದ್ದ ಯೇಸುಸಭೆಯ ಥಾಮಸ್ ರಾಬರ್ಟ್ಸ್ ಅವರು, ಯೇಗರ್‌ಸ್ಟೆಟ್ಟರರ ಉದಾಹರಣೆಯನ್ನು 1965ರಲ್ಲಿ ಮಹಾಸಭೆಯ ಮುಂದೆ ಲಿಖಿತವಾಗಿ ಇಟ್ಟು, ಹೀಗೆ ಒಂಟಿಯಾಗಿ ನಿಲ್ಲುವವರ ಬೆನ್ನಿಗೆ ಧರ್ಮಸಭೆ ನಿಲ್ಲಬೇಕೆಂದು ಕೇಳಿಕೊಂಡರು. ಅದೇ ವರ್ಷದ ಡಿಸೆಂಬರ್ 7ರಂದು ಹೊರಬಿದ್ದ ‘ಗೌದಿಯುಂ ಎತ್ ಸ್ಪೆಸ್’ ಎಂಬ ಶಾಸನದ 79ನೆಯ ವಿಭಾಗವೇ ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರ. ಮನಸ್ಸಾಕ್ಷಿಯ ಕಾರಣಕ್ಕೆ ಆಯುಧ ಹಿಡಿಯಲು ಒಪ್ಪದವರು ಬೇರೊಂದು ರೀತಿಯಲ್ಲಿ ಸಮಾಜದ ಸೇವೆ ಮಾಡಲು ಒಪ್ಪುವುದಾದರೆ ಕಾನೂನು ಅವರಿಗೆ ಮಾನವೀಯವಾಗಿ ಎಡೆ ಮಾಡಿಕೊಡಬೇಕು ಎನ್ನುತ್ತದೆ ಅದು. ದೇಶದ ಸೇನೆಯಲ್ಲಿರುವವರು ತಮ್ಮನ್ನು ಜನರ ಭದ್ರತೆ ಮತ್ತು ಸ್ವಾತಂತ್ರ್ಯದ ಸೇವಕರೆಂದು ತಿಳಿಯಬೇಕು, ಆ ಕೆಲಸವನ್ನು ಸರಿಯಾಗಿ ಮಾಡುವವರೆಗೆ ಅವರೂ ಶಾಂತಿಯ ಸ್ಥಾಪನೆಗೆ ನಿಜವಾಗಿ ನೆರವಾಗುತ್ತಾರೆ ಎನ್ನುವುದೂ ಅದೇ ವಿಭಾಗ. ಜನಾಂಗವೊಂದನ್ನೇ ಅಳಿಸುವಂಥ ಅಪರಾಧದ ಆಜ್ಞೆಗಳಿಗೆ ‘ಮೇಲಿನವರು ಹೇಳಿದರು’ ಎಂಬುದು ಸಮಜಾಯಿಷಿಯಾಗದು, ಅಂಥ ಆಜ್ಞೆಯನ್ನು ಬಹಿರಂಗವಾಗಿ ಎದುರಿಸುವವರ ಧೈರ್ಯ ಪರಮ ಶ್ಲಾಘ್ಯ ಎಂಬ ಮಾತೂ ಅಲ್ಲೇ ಇದೆ. ಧರ್ಮಸಭೆ ನಿಮ್ಮ ಮಗನಿಗೂ ಅಣ್ಣನಿಗೂ ಒಂದೇ ಪುಟದಲ್ಲಿ ಜಾಗ ಕೊಟ್ಟಿದೆ, ಮನಸ್ಸಾಕ್ಷಿಯ ಹೊರೆಯನ್ನು ಇಬ್ಬರ ಹೆಗಲ ಮೇಲೂ ಇಟ್ಟಿದೆ.

‘ಬೇರೊಂದು ರೀತಿಯ ಸೇವೆ’ ಎಂಬ ಮಾತನ್ನು ನಿಮ್ಮ ಮಗ ಗಮನವಿಟ್ಟು ಓದಬೇಕು. ಬ್ರಿಟನ್ 1916ರಲ್ಲಿ ಸೇನಾ ಸೇವೆಯನ್ನು ಕಡ್ಡಾಯ ಮಾಡಿದಾಗಲೇ ಮನಸ್ಸಾಕ್ಷಿಯ ನಿರಾಕರಣೆಗೆ ಕಾನೂನಿನಲ್ಲಿ ಜಾಗವಿತ್ತು. ಆದರೂ ಫ್ರಾನ್ಸಿಗೆ ಸಾಗಿಸಲಾದ 35 ಮಂದಿ ನಿರಾಕರಣಕಾರರಿಗೆ ಮರಣದಂಡನೆ ಓದಿ, ಬಳಿಕ ಅದನ್ನು 10 ವರ್ಷದ ಕಠಿಣ ಶಿಕ್ಷೆಗೆ ಇಳಿಸಿದರು. ಎರಡನೆಯ ಮಹಾಯುದ್ಧದ ಹೊತ್ತಿಗೆ ಅಮೆರಿಕದಲ್ಲಿ ಸುಮಾರು 12,000 ಮಂದಿ ಬಂದೂಕಿನ ಬದಲು ನಾಗರಿಕ ಸೇವೆಯನ್ನು ಆರಿಸಿಕೊಂಡರು. ಕಾಡ್ಗಿಚ್ಚು ಆರಿಸಿದರು, ಮಾನಸಿಕ ಆಸ್ಪತ್ರೆಗಳಲ್ಲಿ ದುಡಿದರು. ಅವರಲ್ಲಿ 36 ಮಂದಿ ಮಿನ್ನೆಸೋಟಾ ವಿಶ್ವವಿದ್ಯಾಲಯದ ಪ್ರಯೋಗವೊಂದಕ್ಕೆ ತಮ್ಮ ದೇಹವನ್ನೇ ಒಡ್ಡಿದರು: ಯುದ್ಧದಿಂದ ಹಸಿದ ಯುರೋಪಿನ ಜನರಿಗೆ ಮರಳಿ ಹೇಗೆ ಉಣಿಸಬೇಕೆಂದು ತಿಳಿಯಲಿಕ್ಕಾಗಿ 24 ವಾರ ಅರೆಹೊಟ್ಟೆಯಲ್ಲಿ ಬದುಕಿ ಎಲುಬುಗೂಡಾದರು. ಜರ್ಮನಿಯಂತೂ ತನ್ನ 1949ರ ಸಂವಿಧಾನದಲ್ಲೇ, ಯಾರನ್ನೂ ಮನಸ್ಸಾಕ್ಷಿಗೆ ವಿರುದ್ಧವಾಗಿ ಆಯುಧ ಹಿಡಿದು ಯುದ್ಧ ಸೇವೆ ಮಾಡಲು ಬಲವಂತಪಡಿಸುವಂತಿಲ್ಲ ಎಂದು ಬರೆದುಕೊಂಡಿತು. ದಕ್ಷಿಣ ಕೊರಿಯಾದಲ್ಲಿ ನಿರಾಕರಿಸಿದವರು 2018ರ ತೀರ್ಪುಗಳ ತನಕ ಜೈಲಿಗೆ ಹೋಗುತ್ತಲೇ ಇದ್ದರು. ಈಗ ಅವರಿಗೆ 36 ತಿಂಗಳ ಬದಲಿ ಸೇವೆ ಇದೆ.

ಇನ್ನು ನಮ್ಮ ದೇಶದ ಮಾತು. ಭಾರತದಲ್ಲಿ ಸೇನಾ ಸೇವೆ ಕಡ್ಡಾಯವಲ್ಲ; ಇಷ್ಟಪಟ್ಟವರು ಸೇರುತ್ತಾರೆ. ಹಾಗಾಗಿ ಸೇರಲಾರೆ ಎನ್ನುವುದು ಅಪರಾಧವಲ್ಲ, ನಿಮ್ಮ ಮಗ ಅದಕ್ಕಾಗಿ ಯಾರಿಗೂ ಉತ್ತರಿಸಬೇಕಾಗಿಲ್ಲ. ಸಂವಿಧಾನದ 25ನೆಯ ವಿಧಿ ಆತ್ಮಸಾಕ್ಷಿಯ ಸ್ವಾತಂತ್ರ್ಯವನ್ನು ಕೊಟ್ಟಿದೆ. ಜೊತೆಗೆ, ಸಾರ್ವಜನಿಕ ಉದ್ದೇಶಕ್ಕಾಗಿ ಸರ್ಕಾರ ಕಡ್ಡಾಯ ಸೇವೆಯನ್ನು ವಿಧಿಸಬಹುದೆಂದು 23ನೆಯ ವಿಧಿಯ ಎರಡನೆಯ ಉಪವಿಧಿ ಹೇಳುತ್ತದೆ. ಅಂಥ ಕಾಲ ಬಂದರೆ ಮನಸ್ಸಾಕ್ಷಿಯ ನಿರಾಕರಣೆಗೆ ಜರ್ಮನಿಯಲ್ಲಿರುವಂಥ ಸ್ಪಷ್ಟ ವಿಧಿ ನಮ್ಮಲ್ಲಿಲ್ಲ. ಒಮ್ಮೆ ತಾನಾಗಿಯೇ ಸೇರಿ ಪ್ರತಿಜ್ಞೆ ಮಾಡಿದವನು ಆಜ್ಞೆ ಮೀರಿದರೆ ಅಥವಾ ಓಡಿಹೋದರೆ ಅದು 1950ರ ಸೇನಾ ಕಾಯ್ದೆಯಡಿ ಅಪರಾಧ. ಮನಸ್ಸಾಕ್ಷಿಯ ಮೇಲೆ ಯುದ್ಧವನ್ನು ಒಲ್ಲೆನೆಂದ ನೆನಪು ನಮ್ಮ ನೆಲದಲ್ಲೂ ಇಲ್ಲದಿಲ್ಲ. 1940ರ ಅಕ್ಟೋಬರ್ 17ರಂದು ವಿನೋಬಾ ಅವರಿಂದ ಶುರುವಾದ ವೈಯಕ್ತಿಕ ಸತ್ಯಾಗ್ರಹದಲ್ಲಿ ಒಬ್ಬೊಬ್ಬರಾಗಿ ಬೀದಿಗೆ ಬಂದು, ಬ್ರಿಟಿಷರ ಯುದ್ಧಕ್ಕೆ ಜನದಿಂದಾಗಲಿ ಹಣದಿಂದಾಗಲಿ ನೆರವಾಗುವುದು ತಪ್ಪು ಎಂದು ಸಾರಿ ಜೈಲಿಗೆ ಹೋದರು. ಗುಂಪಿನ ಬಲವಿಲ್ಲದೆ ಒಬ್ಬನೇ ನಿಂತು ಹೇಳುವುದು, ಬಂದ ಶಿಕ್ಷೆಯನ್ನು ದ್ವೇಷವಿಲ್ಲದೆ ಹೊರುವುದು: ಆ ರೀತಿಯಲ್ಲಿ ಅವರು ಥೆವೆಸ್ತೆಯ ತರುಣನಿಗೆ ಬಹಳ ಹತ್ತಿರದವರು.

ಹಾಗಾದರೆ ನಿಮ್ಮ ಮಗ ಹೇಳಿದ್ದು ಸರಿಯೇ? ನಾನು ಆಯುಧ ಹಿಡಿಯಲಾರೆ ಎಂಬ ಮಾತು ಅವನ ಒಳಗಿನಿಂದ ಬಂದಿದ್ದರೆ ಅದಕ್ಕೆ ದೀರ್ಘವಾದ, ಪವಿತ್ರವಾದ ಪರಂಪರೆ ಇದೆ. ದಯವಿಟ್ಟು ಅದನ್ನು ಹುಡುಗಾಟವೆಂದು ತಳ್ಳಿಹಾಕಬೇಡಿ. ಆದರೆ ಅದೇ ಮಾತನ್ನು ಅವನು ದೊಡ್ಡಪ್ಪನ ನಂಬಿಕೆಯನ್ನು ಅಳೆಯುವ ಕೋಲಾಗಿ ಮಾಡಿಕೊಂಡದ್ದು ತಪ್ಪು, ಅದಕ್ಕೆ ಅವನು ದೊಡ್ಡಪ್ಪನಲ್ಲಿ ಕ್ಷಮೆ ಕೇಳಬೇಕು. ಮ್ಯಾಕ್ಸಿಮಿಲಿಯನ್ ಆ ಮಾತನ್ನು ಆಡಿದ್ದು ತನ್ನ ಕೊರಳನ್ನು ಒಡ್ಡಿ. ನಮ್ಮ ದೇಶದಲ್ಲಿ ನಿಮ್ಮ ಮಗನಿಗೆ ಅದರಿಂದ ಕೂದಲೂ ಕೊಂಕುವುದಿಲ್ಲ. 17 ವರ್ಷ ಗಡಿಯ ಚಳಿಯಲ್ಲೋ ಬಿಸಿಲಲ್ಲೋ ನಿಂತು ಬಂದವರು ಅದೇ ಊಟದ ಮನೆಯಲ್ಲಿ ಕುಳಿತಿರುವಾಗ ಈ ವ್ಯತ್ಯಾಸವನ್ನು ಮರೆಯಬಾರದಿತ್ತು. ಯುದ್ಧವೆಂದರೆ ಏನೆಂದು ನಿಮ್ಮ ಮನೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಬಲ್ಲವರು ನಿಮ್ಮ ಅಣ್ಣನೇ. ಶಾಂತಿಯ ಬಗ್ಗೆ ಮಗನಿಗೆ ನಿಜವಾದ ಆಸ್ಥೆ ಇದ್ದರೆ, ಅವನು ಮೊದಲು ಹೋಗಿ ಕೇಳಬೇಕಾದದ್ದು ಅವರನ್ನೇ.

ಮಾತು ಮತ್ತೆ ಶುರುವಾಗಲು ಒಂದು ದಾರಿ ಸೂಚಿಸುತ್ತೇನೆ. ವಿಚಾರಣೆಯ ಆ ಬರಹವನ್ನು ನಾಟಕದಂತೆ ದನಿ ತೆಗೆದು ಓದಬಹುದು, ಹತ್ತು ನಿಮಿಷ ಸಾಕು. ಒಂದು ಸಂಜೆ ಜಪಮಾಲೆ ಮುಗಿದ ಮೇಲೆ ಮೂವರೂ ಕುಳಿತು ಓದಿ. ಮ್ಯಾಕ್ಸಿಮಿಲಿಯನನ ಮಾತುಗಳನ್ನು ಮಗ ಓದಲಿ, ಆ ಹುಡುಗನನ್ನು ಉಳಿಸಲು ಹೆಣಗುವ ಡಿಯೋನನ ಮಾತುಗಳನ್ನು ಅಣ್ಣ ಓದಲಿ. ವಿಕ್ಟರನಿಗೆ ಆ ಬರಹದಲ್ಲಿರುವ ಮಾತು ತೀರ ಕಡಿಮೆ. ಅದನ್ನು ನೀವೇ ಓದಿ.